ಟಾಮ್‌ಕ್ಯಾಟ್‌ನಲ್ಲಿ ಯಾವ ಕ್ಲಾಸ್ ಎಲ್ಲಿಡಬೇಕು? ಜಾವಾ ವೆಬ್ ಪ್ರಾಜೆಕ್ಟ್ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

‘ಎಕ್ಲಿಪ್ಸ್‌ನಲ್ಲಿ ಒಂದೂ ಕೆಂಪು ಗೆರೆ ಇಲ್ಲ. ಆದರೂ ಟಾಮ್‌ಕ್ಯಾಟ್ ಕ್ಲಾಸ್ ಸಿಗುತ್ತಿಲ್ಲ ಅನ್ನುತ್ತೆ. ಯಾಕೆ?’ ದಾವಣಗೆರೆ, ಚಿತ್ರದುರ್ಗದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಶುರುವಾಯಿತೆಂದರೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು (ಎಕ್ಲಿಪ್ಸ್ ಎಂದರೆ ಕೋಡ್ ಬರೆಯುವ ಸಾಧನ, ಟಾಮ್‌ಕ್ಯಾಟ್ ಎಂದರೆ ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ಸರ್ವರ್). ‘ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ, ಸರ್ವರ್‌ಗೆ ಹಾಕಿದರೆ ಓಡಲ್ಲ’ ಎನ್ನುವುದು ಅದರದೇ ಇನ್ನೊಂದು ರೂಪ. ಎರಡಕ್ಕೂ ಕಾರಣ ಹೆಚ್ಚಾಗಿ ಕೋಡ್‌ನಲ್ಲಿ ಇರುವುದಿಲ್ಲ. ಕ್ಲಾಸ್ ಫೈಲ್ ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಇಲ್ಲವೇ ಎರಡು ಜಾಗದಲ್ಲಿ ಇರುತ್ತದೆ. ಪ್ರತಿ ಕ್ಲಾಸಿಗೂ ಒಂದೇ ಮನೆ ಇರಬೇಕು, ಅದು ಯಾರಿಗೆ ಬೇಕೋ ಅವರ ಕಣ್ಣಿಗೆ ಬೀಳಬೇಕು. ಈ ಲೇಖನದಲ್ಲಿ ಬರುವುದೆಲ್ಲ ಇದರ ವಿವರವೇ.

ಉದಾಹರಣೆಗೆ ಒಂದು ಸಣ್ಣ ಅಪ್ಲಿಕೇಶನ್ ಇಟ್ಟುಕೊಳ್ಳೋಣ. ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದಿನದ ಧಾರಣೆ ತೋರಿಸುವ ವೆಬ್ ಪುಟ, ಹೆಸರು ‘ಧಾರಣೆ’. ಅದರಲ್ಲಿ ಎರಡು ಕ್ಲಾಸ್: ಬ್ರೌಸರ್‌ನ ಕೋರಿಕೆಗೆ ಉತ್ತರ ಕೊಡುವ ‘ಧಾರಣೆಸರ್ವ್ಲೆಟ್’ (ಇಂಥ ಕ್ಲಾಸಿಗೆ ಸರ್ವ್ಲೆಟ್ ಎನ್ನುತ್ತಾರೆ), ಡೇಟಾಬೇಸ್ ಜೊತೆ ಮಾತಾಡುವ ‘ಧಾರಣೆಡಾವೋ’. ಎರಡೂ ‘ಇನ್.ಮಂಡಿ.ಧಾರಣೆ’ ಎಂಬ ಪ್ಯಾಕೇಜಿನಲ್ಲಿವೆ. ಪ್ಯಾಕೇಜ್ ಎಂದರೆ ಕ್ಲಾಸಿನ ಮನೆತನದ ಹೆಸರು ಇದ್ದ ಹಾಗೆ. ಡಿಸ್ಕಿನಲ್ಲಿ ಅದೇ ಫೋಲ್ಡರ್ ಆಗುತ್ತದೆ.

ಓದುವ ಮುನ್ನ ಒಂದು ಮಾತು. ಫೈಲ್, ಫೋಲ್ಡರ್, ಆದೇಶಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು. ‘ವೆಬ್-ಇನ್ಫ್’ ಪೂರ್ತಿ ದೊಡ್ಡಕ್ಷರ, ನಡುವೆ ಅಡ್ಡಗೆರೆ, ಕೆಳಗೆರೆ ಅಲ್ಲ. ಅದರೊಳಗಿನ ‘ಕ್ಲಾಸಸ್’, ‘ಲಿಬ್’ ಎರಡೂ ಪೂರ್ತಿ ಸಣ್ಣಕ್ಷರ. ಕ್ಲಾಸಸ್ ಎಂಬುದರ ಕೊನೆಯ ‘ಇಎಸ್’ ಬಿಟ್ಟು ‘ಕ್ಲಾಸ್’ ಎಂದು ಫೋಲ್ಡರ್ ಮಾಡಿ ಅರ್ಧ ದಿನ ಕಳೆದುಕೊಂಡವರು ಬಹಳ ಜನ.

ಹಂತ 1: ಮೊದಲು ಟಾಮ್‌ಕ್ಯಾಟ್ ಯಾವುದೆಂದು ನಿರ್ಧರಿಸಿ

ಇದನ್ನು ಕೊನೆಗೆ ನೋಡಿಕೊಳ್ಳೋಣ ಎಂದು ಬಿಡಬೇಡಿ. ಟಾಮ್‌ಕ್ಯಾಟ್ 9ಕ್ಕೆ ಕನಿಷ್ಠ ಜಾವಾ 8 ಬೇಕು, 10.1ಕ್ಕೆ ಜಾವಾ 11, ಟಾಮ್‌ಕ್ಯಾಟ್ 11ಕ್ಕೆ ಜಾವಾ 17. ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಟಾಮ್‌ಕ್ಯಾಟ್ 9ರವರೆಗೆ ಸರ್ವ್ಲೆಟ್‌ಗೆ ಸಂಬಂಧಿಸಿದ ಕ್ಲಾಸ್‌ಗಳ ಹೆಸರು ‘ಜಾವಾಎಕ್ಸ್.ಸರ್ವ್ಲೆಟ್’ ಎಂದು ಶುರುವಾಗುತ್ತಿತ್ತು. 10ರಿಂದ ಅದು ‘ಜಕಾರ್ತಾ.ಸರ್ವ್ಲೆಟ್’ ಆಯಿತು. ಕೆಲಸ ಅದೇ, ಹೆಸರು ಬೇರೆ. ಜಾವಾದ ಕಣ್ಣಿಗೆ ಹೆಸರು ಬೇರೆಯಾದರೆ ಕ್ಲಾಸೇ ಬೇರೆ.

ಹಳೇ ಪಾಠಪುಸ್ತಕ ನೋಡಿ ‘ಜಾವಾಎಕ್ಸ್’ ಎಂದು ಬರೆದು, ಹೊಸ ಟಾಮ್‌ಕ್ಯಾಟ್ 10 ಇಳಿಸಿಕೊಂಡು ಹಾಕಿದರೆ ಏನಾಗುತ್ತದೆ ಎಂಬುದನ್ನು ತಿಳಿದಿರಬೇಕು, ಏಕೆಂದರೆ ಇದು ಸದ್ದಿಲ್ಲದೆ ಕೆಡುವ ಜಾಗ. ನೀವು ಸರ್ವ್ಲೆಟ್ ವಿಳಾಸವನ್ನು ಕ್ಲಾಸಿನ ತಲೆ ಮೇಲೆ ‘@ವೆಬ್‌ಸರ್ವ್ಲೆಟ್’ ಎಂಬ ಅನೊಟೇಶನ್‌ನಲ್ಲಿ ಬರೆದಿದ್ದರೆ, ಟಾಮ್‌ಕ್ಯಾಟ್ 10 ಆ ಹಳೇ ಅನೊಟೇಶನ್ ಅನ್ನು ಗುರುತಿಸುವುದೇ ಇಲ್ಲ. ಲಾಗ್‌ನಲ್ಲಿ ದೋಷ ಬರುವುದಿಲ್ಲ, ಸರ್ವರ್ ಚೆನ್ನಾಗಿಯೇ ಏಳುತ್ತದೆ, ಬ್ರೌಸರ್‌ನಲ್ಲಿ ಮಾತ್ರ 404, ಅಂದರೆ ‘ಪುಟ ಸಿಗಲಿಲ್ಲ’. ಅನೊಟೇಶನ್ ಎಂದರೆ ಕೋಡ್ ಮೇಲೆ ಅಂಟಿಸುವ ಚೀಟಿ. ಆ ಚೀಟಿಯ ಭಾಷೆ ಓದಲು ಬಾರದವನಿಗೆ ಚೀಟಿ ಇದ್ದೂ ಇಲ್ಲದಂತೆ. ಅದೇ ವಿಳಾಸವನ್ನು ಅಪ್ಲಿಕೇಶನ್‌ನ ಸೆಟ್ಟಿಂಗ್ ಇರುವ ‘ವೆಬ್.ಎಕ್ಸ್‌ಎಂಎಲ್’ ಫೈಲಿನಲ್ಲಿ ಬರೆದಿದ್ದರೆ ಕನಿಷ್ಠ ಪಕ್ಷ ‘ನೋಕ್ಲಾಸ್‌ಡೆಫ್‌ಫೌಂಡ್‌ಎರರ್: ಜಾವಾಎಕ್ಸ್/ಸರ್ವ್ಲೆಟ್/ಎಚ್‌ಟಿಟಿಪಿ/ಎಚ್‌ಟಿಟಿಪಿಸರ್ವ್ಲೆಟ್’ ಎಂಬ ದೋಷವಾದರೂ ಕಾಣುತ್ತದೆ.

ಹಳೇ ಕೋಡ್ ಹೊಸ ಟಾಮ್‌ಕ್ಯಾಟ್‌ನಲ್ಲೇ ಓಡಬೇಕೆಂದಿದ್ದರೆ, ವಾರ್ ಫೈಲನ್ನು (ಇಡೀ ಅಪ್ಲಿಕೇಶನ್ ಕಟ್ಟಿದ ಗಂಟು, ಹಂತ 7 ನೋಡಿ) ಮಾಮೂಲಾಗಿ ಇಡುವ ‘ವೆಬ್‌ಆ್ಯಪ್ಸ್’ ಬದಲು ‘ವೆಬ್‌ಆ್ಯಪ್ಸ್-ಜಾವಾಇಇ’ ಎಂಬ ಫೋಲ್ಡರ್ ಮಾಡಿ ಅದರಲ್ಲಿ ಇಡಿ. ಟಾಮ್‌ಕ್ಯಾಟ್ ತಾನೇ ಹೆಸರು ಬದಲಿಸಿ ‘ವೆಬ್‌ಆ್ಯಪ್ಸ್’ಗೆ ಹಾಕಿಕೊಳ್ಳುತ್ತದೆ. ಹೊಸದಾಗಿ ಬರೆಯುವವರು ಇದನ್ನು ನೆಚ್ಚಿಕೊಳ್ಳಬಾರದು. ಮೊದಲಿನಿಂದಲೇ ‘ಜಕಾರ್ತಾ’ ಎಂದು ಬರೆಯಿರಿ.

ಹಂತ 2: ಫೋಲ್ಡರ್ ಕಟ್ಟಿ

ಇದು ಟಾಮ್‌ಕ್ಯಾಟ್ ಮಾಡಿದ ನಿಯಮವಲ್ಲ. ‘ಸರ್ವ್ಲೆಟ್ ಸ್ಪೆಸಿಫಿಕೇಶನ್’ ಎಂಬ ನಿಯಮಾವಳಿಯದು. ಜೆಟ್ಟಿ, ವೈಲ್ಡ್‌ಫ್ಲೈ ಮುಂತಾದ ಬೇರೆ ಸರ್ವರ್‌ಗೆ ಹೋದರೂ ಹೀಗೇ.

ಧಾರಣೆ/
— ಇಂಡೆಕ್ಸ್.ಜೆಎಸ್‌ಪಿ
— ಚಿತ್ರ/ಜೋಳ.ಜೆಪಿಜಿ
— ವೆಬ್-ಇನ್ಫ್/
—— ವೆಬ್.ಎಕ್ಸ್‌ಎಂಎಲ್
—— ಕ್ಲಾಸಸ್/
——— ಇನ್/ಮಂಡಿ/ಧಾರಣೆ/ಧಾರಣೆಸರ್ವ್ಲೆಟ್.ಕ್ಲಾಸ್
——— ಇನ್/ಮಂಡಿ/ಧಾರಣೆ/ಧಾರಣೆಡಾವೋ.ಕ್ಲಾಸ್
——— ಡಿಬಿ.ಪ್ರಾಪರ್ಟೀಸ್
—— ಲಿಬ್/
——— ಬೇರೆಯವರು ಬರೆದ .ಜಾರ್ ಫೈಲ್‌ಗಳು

ಈ ಪಟ್ಟಿಯಲ್ಲಿ ವೆಬ್-ಇನ್ಫ್ ಹೊರಗಿರುವುದೆಲ್ಲ ಸಾರ್ವಜನಿಕ. ವಿಳಾಸ ಗೊತ್ತಿದ್ದ ಯಾರು ಬೇಕಾದರೂ ಬ್ರೌಸರ್‌ನಲ್ಲಿ ತೆರೆಯಬಹುದು. ವೆಬ್-ಇನ್ಫ್ ಒಳಗಿರುವುದನ್ನು ಸರ್ವರ್ ನೇರವಾಗಿ ಯಾರಿಗೂ ಕೊಡುವುದಿಲ್ಲ. ಆದ್ದರಿಂದ ಡೇಟಾಬೇಸ್ ಪಾಸ್‌ವರ್ಡ್ ಇರುವ ‘ಡಿಬಿ.ಪ್ರಾಪರ್ಟೀಸ್’ ಫೈಲನ್ನು ಇಂಡೆಕ್ಸ್ ಪುಟದ ಪಕ್ಕ ಇಡುವುದು ಮನೆ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದಂತೆ. ದಯವಿಟ್ಟು ಹಾಗೆ ಮಾಡಬೇಡಿ.

ನೀವೇ ಬರೆದ ಕ್ಲಾಸ್‌ಗಳು ಬಿಡಿಬಿಡಿಯಾಗಿ ‘ಕ್ಲಾಸಸ್’ನಲ್ಲಿ. ಬೇರೆಯವರ ಕ್ಲಾಸ್‌ಗಳು ಜಾರ್ ರೂಪದಲ್ಲಿ ‘ಲಿಬ್’ನಲ್ಲಿ. ಜಾರ್ ಎಂದರೆ ಹಲವು ಕ್ಲಾಸ್ ಫೈಲ್‌ಗಳನ್ನು ಒತ್ತಿ ಕಟ್ಟಿದ ಗಂಟು, ಒಂದು ಬಗೆಯ ಜಿಪ್. ಆ ಗಂಟನ್ನು ‘ಕ್ಲಾಸಸ್’ ಒಳಗೆ ಇಟ್ಟರೆ ಯಾರೂ ಬಿಚ್ಚಿ ನೋಡುವುದಿಲ್ಲ. ಬಿಡಿ ಕ್ಲಾಸನ್ನು ‘ಲಿಬ್’ನಲ್ಲಿ ಇಟ್ಟರೂ ಅಷ್ಟೆ. ‘ಲಿಬ್’ ಒಳಗೆ ‘ಮೈಸೀಕ್ವೆಲ್’ ಎಂದು ಉಪಫೋಲ್ಡರ್ ಮಾಡಿ ಜಾರ್ ಜೋಡಿಸಿದರೆ ಅದನ್ನೂ ಹುಡುಕುವುದಿಲ್ಲ. ಜಾರ್‌ಗಳು ನೇರವಾಗಿ ‘ಲಿಬ್’ನಲ್ಲೇ ಇರಬೇಕು.

ಹಂತ 3: ಕಂಪೈಲ್ ಮಾಡಿ ಸರಿಯಾದ ಜಾಗಕ್ಕೆ ಇಳಿಸಿ

ಎಕ್ಲಿಪ್ಸ್ ಇದನ್ನು ತಾನೇ ಮಾಡುತ್ತದೆ. ಆದರೂ ಒಂದು ಸಲ ಕೈಯಾರೆ ಮಾಡಿ ನೋಡಿ, ಮುಂದೆ ಏನು ಕೆಟ್ಟರೂ ಎಲ್ಲಿ ನೋಡಬೇಕೆಂದು ತಿಳಿಯುತ್ತದೆ. ಆದೇಶ ಹೀಗಿದೆ, ಪೂರ್ತಿ ಒಂದೇ ಸಾಲಿನಲ್ಲಿ:

ಜಾವಾಸಿ -ಸಿಪಿ ಟಾಮ್‌ಕ್ಯಾಟ್/ಲಿಬ್/ಸರ್ವ್ಲೆಟ್-ಎಪಿಐ.ಜಾರ್ -ಡಿ ಧಾರಣೆ/ವೆಬ್-ಇನ್ಫ್/ಕ್ಲಾಸಸ್ ಸೋರ್ಸ್/ಇನ್/ಮಂಡಿ/ಧಾರಣೆ/*.ಜಾವಾ

‘-ಸಿಪಿ’ ಎಂದರೆ ಕ್ಲಾಸ್‌ಪಾತ್, ಅಂದರೆ ಕಂಪೈಲ್ ಮಾಡುವಾಗ ಬೇಕಾದ ಬೇರೆ ಕ್ಲಾಸ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿ. ಒಂದಕ್ಕಿಂತ ಹೆಚ್ಚು ಜಾರ್ ಇದ್ದರೆ ವಿಂಡೋಸ್‌ನಲ್ಲಿ ಅರ್ಧವಿರಾಮದ ಚಿಹ್ನೆ, ಲಿನಕ್ಸ್‌ನಲ್ಲಿ ಒಂದರ ಮೇಲೊಂದು ಎರಡು ಚುಕ್ಕೆ (ಕೋಲನ್) ಹಾಕಿ ಬಿಡಿಸಿ ಬರೆಯಬೇಕು. ‘-ಡಿ’ ಎಂದರೆ ಫಲಿತಾಂಶ ಎಲ್ಲಿ ಇಳಿಸಬೇಕು ಎಂಬುದು. ಅದನ್ನು ಕೊಟ್ಟರೆ ಪ್ಯಾಕೇಜಿಗೆ ತಕ್ಕ ಫೋಲ್ಡರ್‌ಗಳನ್ನು ಜಾವಾಸಿ ತಾನೇ ಮಾಡುತ್ತದೆ. ಕೊಡದಿದ್ದರೆ ಕ್ಲಾಸ್ ಫೈಲ್ ಜಾವಾ ಫೈಲಿನ ಪಕ್ಕದಲ್ಲೇ ಬೀಳುತ್ತದೆ, ಅಲ್ಲಿಂದ ಕೈಯಲ್ಲಿ ಎತ್ತಿ ಇಡುವಾಗ ತಪ್ಪುಗಳು ಶುರುವಾಗುತ್ತವೆ.

ಯಾವ ತಪ್ಪುಗಳು? ‘ಧಾರಣೆಸರ್ವ್ಲೆಟ್.ಕ್ಲಾಸ್’ ಒಂದನ್ನೇ ಎತ್ತಿಕೊಂಡು ಬರುತ್ತೀರಿ. ಕೋಡ್‌ನಲ್ಲಿ ಹೆಸರಿಲ್ಲದ ಒಳಕ್ಲಾಸ್ ಇದ್ದರೆ ಕಂಪೈಲರ್ ‘ಧಾರಣೆಸರ್ವ್ಲೆಟ್$1.ಕ್ಲಾಸ್’ ಎಂದು ಡಾಲರ್ ಚಿಹ್ನೆಯ ಇನ್ನೊಂದು ಫೈಲನ್ನೂ ಮಾಡಿರುತ್ತದೆ. ಅದು ಅಲ್ಲೇ ಉಳಿಯುತ್ತದೆ. ಪುಟ ತೆರೆದುಕೊಳ್ಳುತ್ತದೆ, ಒಂದು ಬಟನ್ ಒತ್ತಿದಾಗ ಮಾತ್ರ ನೋಕ್ಲಾಸ್‌ಡೆಫ್‌ಫೌಂಡ್‌ಎರರ್.

ಇಲ್ಲವೇ ಪ್ಯಾಕೇಜ್ ಫೋಲ್ಡರ್ ಮಾಡದೆ ಫೈಲನ್ನು ನೇರವಾಗಿ ‘ಕ್ಲಾಸಸ್’ಗೆ ಹಾಕುತ್ತೀರಿ. ಆಗ ದೋಷದ ಕೊನೆಗೆ ಆವರಣದೊಳಗೆ ‘ರಾಂಗ್ ನೇಮ್: ಇನ್/ಮಂಡಿ/ಧಾರಣೆ/ಧಾರಣೆಸರ್ವ್ಲೆಟ್’ ಎಂದು ಬರಬಹುದು. ಇದು ಬಹಳ ಉಪಕಾರಿ ದೋಷ. ‘ಫೈಲ್ ಸಿಕ್ಕಿತು, ತೆರೆದು ನೋಡಿದೆ, ಒಳಗೆ ಬರೆದಿರುವ ಪೂರ್ತಿ ಹೆಸರು ಬೇರೆ’ ಎಂದು ಜಾವಾ ಹೇಳುತ್ತಿದೆ. ಕೋಲನ್ ನಂತರದ ದಾರಿಯನ್ನು ನೋಡಿ ಅಷ್ಟೂ ಫೋಲ್ಡರ್ ಮಾಡಿ, ಫೈಲನ್ನು ಅಲ್ಲಿಗೆ ಸಾಗಿಸಿ.

ಪ್ಯಾಕೇಜೇ ಇಲ್ಲದೆ ಕ್ಲಾಸ್ ಬರೆಯುವ ಅಭ್ಯಾಸ ಬಿಡಿ. ಜೆಎಸ್‌ಪಿ (ಜಾವಾ ಬೆರೆಸಿ ಬರೆದ ವೆಬ್ ಪುಟ) ತಾನೇ ಒಂದು ಪ್ಯಾಕೇಜಿನ ಕ್ಲಾಸಾಗಿ ಬದಲಾಗುತ್ತದೆ, ಮತ್ತು ಪ್ಯಾಕೇಜ್ ಇರುವ ಕ್ಲಾಸ್ ಪ್ಯಾಕೇಜ್ ಇಲ್ಲದ್ದನ್ನು ಆಮದು ಮಾಡಿಕೊಳ್ಳಲಾರದು.

ಇನ್ನೊಂದು: ಜಾವಾಸಿ ‘.ಜಾವಾ’ ಫೈಲ್‌ಗಳನ್ನು ಮಾತ್ರ ನೋಡುತ್ತದೆ. ‘ಡಿಬಿ.ಪ್ರಾಪರ್ಟೀಸ್’ ಅನ್ನು ನಕಲು ಮಾಡುವ ಕೆಲಸ ನಿಮ್ಮದು. ಮೇವನ್ (ಬೇಕಾದ ಜಾರ್ ತರಿಸಿ ಪ್ರಾಜೆಕ್ಟ್ ಕಟ್ಟಿಕೊಡುವ ಸಾಧನ) ಬಳಸುವವರು ಆ ಫೈಲನ್ನು ‘ಎಸ್‌ಆರ್‌ಸಿ/ಮೇನ್/ರಿಸೋರ್ಸಸ್’ನಲ್ಲಿ ಇಡಬೇಕು, ‘ಎಸ್‌ಆರ್‌ಸಿ/ಮೇನ್/ಜಾವಾ’ದಲ್ಲಿ ಇಟ್ಟರೆ ಅದು ವಾರ್‌ಗೆ ಸೇರುವುದಿಲ್ಲ. ಓದುವಾಗಲೂ ‘ಗೆಟ್‌ರಿಸೋರ್ಸ್‌ಆ್ಯಸ್‌ಸ್ಟ್ರೀಮ್’ ಬಳಸಿ. ‘ಫೈಲ್‌ಇನ್‌ಪುಟ್‌ಸ್ಟ್ರೀಮ್’ಗೆ ಬರೀ ಫೈಲ್ ಹೆಸರು ಕೊಟ್ಟರೆ ಅದು ಟಾಮ್‌ಕ್ಯಾಟ್ ಯಾವ ಫೋಲ್ಡರ್‌ನಿಂದ ಶುರುವಾಯಿತೋ ಅಲ್ಲಿ ಹುಡುಕುತ್ತದೆ, ನಿಮ್ಮ ಅಪ್ಲಿಕೇಶನ್ ಒಳಗಲ್ಲ.

ಹಂತ 4: ಜಾರ್‌ಗಳು, ಅದರಲ್ಲೂ ತರಬಾರದ ಒಂದು ಜಾರ್

ಎಕ್ಲಿಪ್ಸ್‌ನಲ್ಲಿ ‘ಬಿಲ್ಡ್ ಪಾತ್’ಗೆ ಜಾರ್ ಸೇರಿಸಿದರೆ ಕೆಂಪು ಗೆರೆ ಹೋಗುತ್ತದೆ. ಅಷ್ಟೇ ಆಗುವುದು. ಅದು ಕಂಪೈಲರ್‌ಗೆ ಹೇಳಿದ ಮಾತು. ಟಾಮ್‌ಕ್ಯಾಟ್‌ಗೆ ಅದು ಕೇಳಿಸಿಲ್ಲ. ಮೊದಲ ಸಾಲಿನ ಪ್ರಶ್ನೆಗೆ ಹತ್ತರಲ್ಲಿ ಎಂಟು ಸಲ ಉತ್ತರ ಇದೇ. ಬಿಲ್ಡ್ ಪಾತ್‌ನಿಂದ ಆ ಜಾರ್ ತೆಗೆದು, ಫೈಲನ್ನೇ ‘ವೆಬ್-ಇನ್ಫ್/ಲಿಬ್’ಗೆ ನಕಲು ಮಾಡಿ, ಪ್ರಾಜೆಕ್ಟ್ ರಿಫ್ರೆಶ್ ಮಾಡಿ. ವೆಬ್ ಪ್ರಾಜೆಕ್ಟ್ ಆಗಿದ್ದರೆ ಎಕ್ಲಿಪ್ಸ್ ಅಲ್ಲಿರುವುದನ್ನು ತಾನೇ ಕಂಪೈಲ್‌ಗೂ ಬಳಸಿಕೊಳ್ಳುತ್ತದೆ. ಮೇವನ್ ಪ್ರಾಜೆಕ್ಟಾದರೆ ಪ್ರಾಜೆಕ್ಟಿನ ಪ್ರಾಪರ್ಟೀಸ್‌ಗೆ ಹೋಗಿ ‘ಡಿಪ್ಲಾಯ್‌ಮೆಂಟ್ ಅಸೆಂಬ್ಲಿ’ಯಲ್ಲಿ ‘ಮೇವನ್ ಡಿಪೆಂಡೆನ್ಸೀಸ್’ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ.

ತರಬಾರದ ಜಾರ್ ಎಂದರೆ ಸರ್ವ್ಲೆಟ್‌ನ ಮೂಲ ಕ್ಲಾಸ್‌ಗಳಿರುವ ಸರ್ವ್ಲೆಟ್-ಎಪಿಐ. ಕಂಪೈಲ್ ಮಾಡಲು ಅದು ಬೇಕು, ಓಡಿಸಲು ನಿಮ್ಮದು ಬೇಡ, ಟಾಮ್‌ಕ್ಯಾಟ್ ತನ್ನದನ್ನು ಕೊಡುತ್ತದೆ. ಎಪಿಎಂಸಿ ಪ್ರಾಂಗಣದಲ್ಲಿ ಪ್ರತಿ ಮಂಡಿಗೂ ತನ್ನ ಗೋದಾಮು ಇರುತ್ತದೆ, ಆದರೆ ಲಾರಿ ತೂಗುವ ವೇಬ್ರಿಜ್ ಎಲ್ಲರಿಗೂ ಒಂದೇ. ಒಬ್ಬೊಬ್ಬರೂ ತಮ್ಮದೇ ವೇಬ್ರಿಜ್ ತಂದರೆ ಯಾರ ತೂಕ ಯಾರೂ ಒಪ್ಪುವುದಿಲ್ಲ. ನೀವು ತಂದು ‘ಲಿಬ್’ನಲ್ಲಿ ಇಟ್ಟರೆ ಟಾಮ್‌ಕ್ಯಾಟ್ ‘ಜಾರ್ ನಾಟ್ ಲೋಡೆಡ್’ ಎಂದು ಲಾಗ್‌ನಲ್ಲಿ ಎಚ್ಚರಿಸಿ ಅದನ್ನು ಬದಿಗೆ ಸರಿಸುತ್ತದೆ. ಮೇವನ್‌ನಲ್ಲಿ ಈ ಜಾರ್‌ಗೆ ‘ಸ್ಕೋಪ್’ ಜಾಗದಲ್ಲಿ ‘ಪ್ರೊವೈಡೆಡ್’ ಎಂದು ಬರೆಯಬೇಕು. ಕಂಪೈಲ್‌ಗೆ ಇರಲಿ, ವಾರ್‌ಗೆ ಸೇರಿಸಬೇಡ ಎಂದು ಅದರ ಅರ್ಥ.

ಹೊಸ ಆವೃತ್ತಿಯ ಜಾರ್ ತಂದಾಗ ಹಳೆಯದನ್ನು ಅಳಿಸಿ. ಆವೃತ್ತಿ ಸಂಖ್ಯೆ ಫೈಲಿನ ಹೆಸರಲ್ಲೇ ಇರುವುದರಿಂದ ಒಂದರ ಮೇಲೊಂದು ಕೂರುವುದಿಲ್ಲ, ಎರಡೂ ಉಳಿಯುತ್ತವೆ. ಆಗ ಯಾವುದು ಮೊದಲು ಕೈಗೆ ಸಿಗುತ್ತದೋ ಅದು. ‘ಲಿಬ್’ ಒಳಗಿನ ಜಾರ್‌ಗಳನ್ನು ಯಾವ ಕ್ರಮದಲ್ಲಿ ಹುಡುಕಬೇಕೆಂದು ನಿಯಮ ಹೇಳುವುದಿಲ್ಲ. ನಿಮ್ಮ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಹೊಸದು ಸಿಕ್ಕಿ, ಲಿನಕ್ಸ್ ಸರ್ವರ್‌ನಲ್ಲಿ ಹಳೆಯದು ಸಿಗಬಹುದು. ‘ನೋಸಚ್‌ಮೆಥಡ್‌ಎರರ್’ ಬಂದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ಮೇವನ್‌ನವರು ‘ಎಂವಿಎನ್ ಡಿಪೆಂಡೆನ್ಸಿ:ಟ್ರೀ’ ಕೊಟ್ಟರೆ ಯಾವ ಜಾರ್ ಯಾರ ಜೊತೆ ಬಂತು ಎಂದು ಕಾಣುತ್ತದೆ.

ಹಂತ 5: ಹುಡುಕುವ ಕ್ರಮ ತಿಳಿದುಕೊಳ್ಳಿ

ಕ್ಲಾಸ್ ಲೋಡರ್ ಎಂದರೆ ಕ್ಲಾಸ್ ಫೈಲನ್ನು ಹುಡುಕಿ, ಓದಿ, ಮೆಮೊರಿಗೆ ತರುವ ಜಾವಾದ ಕೆಲಸಗಾರ. ಇಂಥವರು ಹಲವರು, ತಂದೆ ಮಕ್ಕಳಂತೆ ಒಬ್ಬರ ಕೆಳಗೊಬ್ಬರು. ಸಾಮಾನ್ಯ ಜಾವಾ ಪ್ರೋಗ್ರಾಮಿನಲ್ಲಿ ಮಗ ಮೊದಲು ತಂದೆಯನ್ನು ಕೇಳುತ್ತಾನೆ. ತಂದೆಯ ಹತ್ತಿರ ಇಲ್ಲದಿದ್ದರೆ ಮಾತ್ರ ತಾನು ಹುಡುಕುತ್ತಾನೆ. ವೆಬ್ ಅಪ್ಲಿಕೇಶನ್‌ನಲ್ಲಿ ಇದು ತಿರುವುಮುರುವು. ಟಾಮ್‌ಕ್ಯಾಟ್‌ನಲ್ಲಿ ಮಾಮೂಲಾಗಿ ನಡೆಯುವ ಕ್ರಮ:

ಮೊದಲು ಜಾವಾದ ಸ್ವಂತ ಮೂಲ ಕ್ಲಾಸ್‌ಗಳು, ನಂತರ ನಿಮ್ಮ ‘ವೆಬ್-ಇನ್ಫ್/ಕ್ಲಾಸಸ್’, ನಂತರ ‘ವೆಬ್-ಇನ್ಫ್/ಲಿಬ್’ನ ಜಾರ್‌ಗಳು, ಆಮೇಲೆ ಟಾಮ್‌ಕ್ಯಾಟ್ ಏಳುವಾಗ ಬಳಸಿದ ಸಿಸ್ಟಮ್ ಕ್ಲಾಸ್‌ಗಳು, ಕೊನೆಗೆ ಎಲ್ಲ ಅಪ್ಲಿಕೇಶನ್‌ಗೂ ಸೇರಿದ ‘ಟಾಮ್‌ಕ್ಯಾಟ್/ಲಿಬ್’.

ಸರ್ವ್ಲೆಟ್, ಜೆಎಸ್‌ಪಿ ಮುಂತಾದ ಎಪಿಐ ಕ್ಲಾಸ್‌ಗಳು ಮಾತ್ರ ಈ ಕ್ರಮಕ್ಕೆ ಹೊರತು. ಅವು ಸದಾ ಟಾಮ್‌ಕ್ಯಾಟ್‌ನವೇ. ಅಪ್ಲಿಕೇಶನ್ ಬಗ್ಗೆ ಟಾಮ್‌ಕ್ಯಾಟ್‌ಗೆ ಸೆಟ್ಟಿಂಗ್ ಹೇಳುವ ‘ಕಾಂಟೆಕ್ಸ್ಟ್.ಎಕ್ಸ್‌ಎಂಎಲ್’ ಫೈಲಿನ ಲೋಡರ್ ಸಾಲಿನಲ್ಲಿ ‘ಡೆಲಿಗೇಟ್’ ಅನ್ನು ‘ಟ್ರೂ’ ಮಾಡಿದರೆ ಮಿಕ್ಕವುಗಳಿಗೂ ತಂದೆಯೇ ಮೊದಲಾಗುತ್ತಾನೆ. ಕಾರಣ ಗೊತ್ತಿಲ್ಲದೆ ಅದನ್ನು ಮುಟ್ಟಬೇಡಿ.

ಈ ಕ್ರಮದಿಂದ ಎರಡು ಅನುಕೂಲ. ಒಂದೇ ಟಾಮ್‌ಕ್ಯಾಟ್‌ನಲ್ಲಿ ‘ಧಾರಣೆ’ ಒಂದು ಲೈಬ್ರರಿಯ ಹಳೇ ಆವೃತ್ತಿಯನ್ನೂ ಪಕ್ಕದ ಅಪ್ಲಿಕೇಶನ್ ಹೊಸದನ್ನೂ ಜಗಳವಿಲ್ಲದೆ ಬಳಸಬಹುದು, ಏಕೆಂದರೆ ಪ್ರತಿ ಅಪ್ಲಿಕೇಶನ್‌ಗೂ ಅದರದೇ ಲೋಡರ್. ಇನ್ನೊಂದು, ‘ಕ್ಲಾಸಸ್’ ಮೊದಲು ಬರುವುದರಿಂದ ಜಾರ್ ಒಳಗಿನ ಒಂದು ಕ್ಲಾಸಿನಲ್ಲಿ ದೋಷವಿದ್ದರೆ, ಅದೇ ಪೂರ್ತಿ ಹೆಸರಿನ ತಿದ್ದಿದ ಕ್ಲಾಸನ್ನು ‘ಕ್ಲಾಸಸ್’ನಲ್ಲಿಟ್ಟು ತಾತ್ಕಾಲಿಕವಾಗಿ ಕೆಲಸ ಸಾಗಿಸಬಹುದು. ತಾತ್ಕಾಲಿಕ ಎಂಬ ಮಾತಿಗೆ ಒತ್ತು ಕೊಡಿ. ಆರು ತಿಂಗಳ ನಂತರ ಜಾರ್ ಬದಲಿಸಿದವರಿಗೆ ಈ ಗುಟ್ಟು ಗೊತ್ತಿರುವುದಿಲ್ಲ.

ನೆನಪಿಡಬೇಕಾದ ಇನ್ನೊಂದು ಸಂಗತಿ: ಮಗನಿಗೆ ತಂದೆಯ ಕ್ಲಾಸ್‌ಗಳು ಕಾಣುತ್ತವೆ, ತಂದೆಗೆ ಮಗನವು ಕಾಣುವುದಿಲ್ಲ. ನಿಮ್ಮ ಕ್ಲಾಸನ್ನು ಅವಲಂಬಿಸಿದ ಜಾರ್ ಒಂದನ್ನು ‘ಟಾಮ್‌ಕ್ಯಾಟ್/ಲಿಬ್’ನಲ್ಲಿಟ್ಟು ನಿಮ್ಮ ಕ್ಲಾಸನ್ನು ವೆಬ್-ಇನ್ಫ್‌ನಲ್ಲಿಟ್ಟರೆ, ಎರಡೂ ಕಣ್ಣೆದುರೇ ಇದ್ದರೂ ‘ಸಿಗಲಿಲ್ಲ’ ಎಂಬ ದೋಷ ಬರುತ್ತದೆ.

ಹಂತ 6: ಟಾಮ್‌ಕ್ಯಾಟ್/ಲಿಬ್‌ಗೆ ಏನು ಹಾಕಬಹುದು

ಬಹುತೇಕ ಏನೂ ಬೇಡ. ‘ಅಲ್ಲಿ ಹಾಕಿದೆ, ಸರಿಹೋಯಿತು’ ಎಂಬ ಪರಿಹಾರ ಇಂದಿಗೆ ಸರಿ, ಸರ್ವರ್ ಬದಲಾದ ದಿನ ಮತ್ತೆ ಅದೇ ದೋಷ, ಏಕೆಂದರೆ ವಾರ್ ಜೊತೆ ಅದು ಹೋಗುವುದಿಲ್ಲ.

ನ್ಯಾಯವಾದ ಕಾರಣ ಒಂದಿದೆ: ಡೇಟಾಬೇಸ್ ಡ್ರೈವರ್, ಅಂದರೆ ಡೇಟಾಬೇಸ್ ಜೊತೆ ಮಾತಾಡಲು ಜಾವಾಕ್ಕೆ ಬೇಕಾದ ಜಾರ್. ಡೇಟಾಬೇಸ್ ಸಂಪರ್ಕಗಳ ಪೂಲ್ (ತೆರೆದಿಟ್ಟು ಮತ್ತೆ ಮತ್ತೆ ಬಳಸುವ ಸಂಪರ್ಕಗಳ ಗುಂಪು) ಅನ್ನು ಟಾಮ್‌ಕ್ಯಾಟ್ ಕಡೆಯಿಂದಲೇ, ‘ಕಾಂಟೆಕ್ಸ್ಟ್.ಎಕ್ಸ್‌ಎಂಎಲ್’ನಲ್ಲಿ ‘ರಿಸೋರ್ಸ್’ ಎಂದು ಬರೆದು ಮಾಡಿಸಿದರೆ, ಆ ಪೂಲ್ ಟಾಮ್‌ಕ್ಯಾಟ್‌ನ ಸ್ವತ್ತು. ಡ್ರೈವರ್ ಜಾರ್ ‘ಟಾಮ್‌ಕ್ಯಾಟ್/ಲಿಬ್’ನಲ್ಲಿ ಇರಬೇಕು. ಪೂಲ್ ನಿಮ್ಮ ಕೋಡ್‌ನಲ್ಲೇ ಇದ್ದರೆ ಡ್ರೈವರ್ ‘ವೆಬ್-ಇನ್ಫ್/ಲಿಬ್’ನಲ್ಲಿ. ಎರಡೂ ಕಡೆ ಮಾತ್ರ ಬೇಡ. ಒಂದೇ ಹೆಸರಿನ ಕ್ಲಾಸನ್ನು ಇಬ್ಬರು ಲೋಡರ್‌ಗಳು ತಂದರೆ ಜಾವಾಕ್ಕೆ ಅವು ಎರಡು ಬೇರೆ ಕ್ಲಾಸ್. ಊರು ಬೇರೆಯಾದರೆ ಒಂದೇ ಹೆಸರಿನ ಇಬ್ಬರು ಬೇರೆ ಮನುಷ್ಯರಲ್ಲವೇ, ಹಾಗೆ. ಆಗ ‘ಇದನ್ನು ಇದಾಗಿ ಬದಲಿಸಲಾಗದು’ ಎಂದು ಎರಡೂ ಕಡೆ ಒಂದೇ ಹೆಸರಿರುವ ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್ ಬರುತ್ತದೆ.

ಹಂತ 7: ವಾರ್ ಮಾಡಿ, ಹಾಕುವ ಮೊದಲು ಒಳಗೆ ನೋಡಿ

ವಾರ್ ಎಂದರೆ ಇಡೀ ಅಪ್ಲಿಕೇಶನ್ ಫೋಲ್ಡರ್‌ನ ಗಂಟು. ‘ಧಾರಣೆ’ ಫೋಲ್ಡರ್ ಒಳಗೆ ಹೋಗಿ ನಿಂತು ‘ಜಾರ್ ಸಿವಿಎಫ್ ../ಧಾರಣೆ.ವಾರ್ .’ ಎಂದು ಕೊಡಿ. ಕೊನೆಯ ಚುಕ್ಕೆ ಮರೆಯಬೇಡಿ. ಫೋಲ್ಡರ್ ಮೇಲೆ ಬಲಕ್ಲಿಕ್ ಮಾಡಿ ಜಿಪ್ ಮಾಡಿ ಹೆಸರು ಬದಲಿಸುವವರಿದ್ದಾರೆ. ಹಾಗೆ ಮಾಡಿದರೆ ಒಳಗೆ ‘ಧಾರಣೆ/ವೆಬ್-ಇನ್ಫ್’ ಎಂದು ಒಂದು ಮಟ್ಟ ಹೆಚ್ಚಾಗಿ, ಟಾಮ್‌ಕ್ಯಾಟ್‌ಗೆ ವೆಬ್-ಇನ್ಫ್ ಸಿಗುವುದೇ ಇಲ್ಲ. ಇದರಲ್ಲಿ ಇನ್ನೊಂದು ಅಪಾಯವೂ ಇದೆ: ವೆಬ್-ಇನ್ಫ್ ತನ್ನ ಜಾಗದಲ್ಲಿ ಇಲ್ಲದಿದ್ದರೆ ಅದಕ್ಕೆ ರಕ್ಷಣೆಯೂ ಇರದು.

ನಂತರ ‘ಜಾರ್ ಟಿಎಫ್ ../ಧಾರಣೆ.ವಾರ್’ ಎಂದು ಕೊಟ್ಟು ಪಟ್ಟಿ ಓದಿ. ಒಂದು ನಿಮಿಷದ ಕೆಲಸ. ನಿಮ್ಮ ಕ್ಲಾಸ್‌ಗಳ ಸಾಲು ‘ವೆಬ್-ಇನ್ಫ್/ಕ್ಲಾಸಸ್/ಇನ್/ಮಂಡಿ/...’ ಎಂದೇ ಶುರುವಾಗಬೇಕು, ‘ಲಿಬ್’ನಲ್ಲಿ ಸರ್ವ್ಲೆಟ್-ಎಪಿಐ ಇರಬಾರದು, ಒಂದೇ ಲೈಬ್ರರಿ ಎರಡು ಆವೃತ್ತಿಯಲ್ಲಿ ಇರಬಾರದು.

ಹಳೆಯದನ್ನು ಬದಲಿಸುವಾಗ ಟಾಮ್‌ಕ್ಯಾಟ್ ನಿಲ್ಲಿಸಿ, ‘ವೆಬ್‌ಆ್ಯಪ್ಸ್’ನಲ್ಲಿರುವ ಹಳೇ ವಾರ್ ಜೊತೆಗೆ ಅದು ಬಿಚ್ಚಿಕೊಂಡ ‘ಧಾರಣೆ’ ಫೋಲ್ಡರ್ ಅನ್ನೂ ಅಳಿಸಿ. ಜೆಎಸ್‌ಪಿ ಬದಲಾವಣೆ ಕಾಣದಿದ್ದರೆ ‘ವರ್ಕ್’ ಫೋಲ್ಡರ್‌ನಲ್ಲಿ ಈ ಅಪ್ಲಿಕೇಶನ್‌ನ ಭಾಗ ತೆಗೆಯಿರಿ. ಜೆಎಸ್‌ಪಿಯಿಂದ ಹುಟ್ಟಿದ ಕ್ಲಾಸ್‌ಗಳು ಇರುವುದು ಅಲ್ಲಿ.

ಹಂತ 8: ದೋಷ ಬಂದರೆ ಹೇಗೆ ಓದುವುದು

ಲಾಗ್‌ನ ಮೊದಲ ಸಾಲಿಗೆ ನಿಲ್ಲಬೇಡಿ. ‘ಕಾಸ್ಡ್ ಬೈ’ ಎಂದು ಶುರುವಾಗುವ ಕೊನೆಯ ಸಾಲಿಗೆ ಇಳಿಯಿರಿ, ನಿಜವಾದ ಕಾರಣ ಅಲ್ಲಿರುತ್ತದೆ.

‘ಕ್ಲಾಸ್‌ನಾಟ್‌ಫೌಂಡ್‌ಎಕ್ಸೆಪ್ಶನ್’ ಎಂದರೆ ಹೆಸರು ಕೊಟ್ಟು ಕೇಳಿದರು, ಆ ಹೆಸರಿನ ಫೈಲ್ ಸಿಗಲಿಲ್ಲ. ವೆಬ್.ಎಕ್ಸ್‌ಎಂಎಲ್‌ನಲ್ಲಿ ಕಾಗುಣಿತ ನೋಡಿ, ಪ್ಯಾಕೇಜ್ ಸೇರಿಸಿದ್ದೀರಾ ನೋಡಿ, ಜಾರ್ ಇದೆಯೇ ನೋಡಿ. ಮೈಸೀಕ್ವೆಲ್ ಡ್ರೈವರ್‌ನ ಈಗಿನ ಹೆಸರು ‘ಕಾಮ್.ಮೈಸೀಕ್ವೆಲ್.ಸಿಜೆ.ಜೆಡಿಬಿಸಿ.ಡ್ರೈವರ್’, ನಡುವಿನ ‘ಸಿಜೆ’ ಇಲ್ಲದ್ದು ಹಳೆಯದು.

‘ನೋಕ್ಲಾಸ್‌ಡೆಫ್‌ಫೌಂಡ್‌ಎರರ್’ ಬೇರೆ. ಕಂಪೈಲ್ ಮಾಡುವಾಗ ಇದ್ದ ಕ್ಲಾಸ್ ಓಡುವಾಗ ಇಲ್ಲ, ಅಥವಾ ಅದರ ಸ್ಟ್ಯಾಟಿಕ್ ಭಾಗ ಮೊದಲ ಸಲ ಓಡುವಾಗಲೇ ಬಿದ್ದುಹೋಗಿದೆ. ‘ಕುಡ್ ನಾಟ್ ಇನಿಷಿಯಲೈಸ್’ ಎಂದಿದ್ದರೆ ಎರಡನೆಯದು. ಲಾಗ್‌ನಲ್ಲಿ ಇನ್ನೂ ಮೇಲೆ ಹೋಗಿ ಮೊದಲ ಬೀಳುವಿಕೆಯನ್ನು ಹುಡುಕಿ.

‘ಅನ್‌ಸಪೋರ್ಟೆಡ್‌ಕ್ಲಾಸ್‌ವರ್ಶನ್‌ಎರರ್’ನಲ್ಲಿ 61, 55 ಎಂಬಂಥ ಸಂಖ್ಯೆ ಕಾಣುತ್ತವೆ. ಅದರಲ್ಲಿ 44 ಕಳೆದರೆ ಜಾವಾ ಆವೃತ್ತಿ: 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17, 65 ಎಂದರೆ 21. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ 17ರಲ್ಲಿ ಕಂಪೈಲ್ ಆದದ್ದನ್ನು ಸರ್ವರ್‌ನ ಜಾವಾ 11 ಓದಲಾರದು. ಜಾವಾಸಿಗೆ ‘--ರಿಲೀಸ್ 11’ ಕೊಟ್ಟು ಮತ್ತೆ ಕಂಪೈಲ್ ಮಾಡಿ.

ಯಾವ ಜಾಗದಿಂದ ಕ್ಲಾಸ್ ಬಂತು ಎಂಬುದೇ ಅನುಮಾನವಾದರೆ ಊಹೆ ಮಾಡುತ್ತ ಕೂರಬೇಡಿ. ಆ ಕ್ಲಾಸಿನ ಮೇಲೆ ‘ಗೆಟ್‌ಪ್ರೊಟೆಕ್ಷನ್‌ಡೊಮೇನ್’, ‘ಗೆಟ್‌ಕೋಡ್‌ಸೋರ್ಸ್’, ‘ಗೆಟ್‌ಲೊಕೇಶನ್’ ಮೂರನ್ನೂ ಸಾಲಾಗಿ ಕರೆದು ಮುದ್ರಿಸಿ. ಜಾರ್‌ನ ಪೂರ್ತಿ ದಾರಿ ಎದುರಿಗೆ ಬರುತ್ತದೆ. ಜಾವಾ ಶುರುಮಾಡುವಾಗ ‘-ವರ್ಬೋಸ್:ಕ್ಲಾಸ್’ ಕೊಟ್ಟರೆ ತಂದ ಪ್ರತಿ ಕ್ಲಾಸಿನ ಮೂಲವೂ ಬರುತ್ತದೆ, ಆದರೆ ಸಾವಿರಾರು ಸಾಲು. ಫೈಲಿಗೆ ಹಾಕಿಕೊಂಡು ಹುಡುಕಿ.

ಸರ್ವರ್ ನಿಲ್ಲಿಸದೆ ಪದೇ ಪದೇ ಹೊಸ ವಾರ್ ಹಾಕುವವರು

ಅಪ್ಲಿಕೇಶನ್ ತೆಗೆದಾಗ ಅದರ ಲೋಡರ್ ಕೂಡ ಮೆಮೊರಿಯಿಂದ ಹೋಗಬೇಕು. ನೀವು ಶುರುಮಾಡಿದ ಥ್ರೆಡ್ (ಹಿನ್ನೆಲೆಯಲ್ಲಿ ನಡೆಯುವ ಕೆಲಸ) ಒಂದು ಇನ್ನೂ ಓಡುತ್ತಿದ್ದರೆ, ಅಥವಾ ಥ್ರೆಡ್‌ಲೋಕಲ್‌ನಲ್ಲಿ, ಅಂದರೆ ಆ ಥ್ರೆಡ್‌ನ ಸ್ವಂತ ಜಾಗದಲ್ಲಿ, ಏನೋ ಉಳಿದಿದ್ದರೆ, ಆ ಒಂದು ಕೊಂಡಿ ಇಡೀ ಲೋಡರ್ ಅನ್ನೂ ಅದು ತಂದ ಎಲ್ಲ ಕ್ಲಾಸ್‌ಗಳನ್ನೂ ಹಿಡಿದುಕೊಂಡಿರುತ್ತದೆ. ಹತ್ತು ಸಲ ಹಾಕಿದರೆ ಹತ್ತು ಪ್ರತಿ. ಕೊನೆಗೆ ಕ್ಲಾಸ್‌ಗಳ ವಿವರ ಇಡುವ ಮೆಮೊರಿ ‘ಮೆಟಾಸ್ಪೇಸ್’ ತುಂಬಿತೆಂದು ಸರ್ವರ್ ಕೂರುತ್ತದೆ. ಜಾವಾ 7ರವರೆಗೆ ಈ ಜಾಗಕ್ಕೆ ‘ಪರ್ಮ್‌ಜೆನ್’ ಎನ್ನುತ್ತಿದ್ದರು. ಅಪ್ಲಿಕೇಶನ್ ನಿಲ್ಲಿಸುವಾಗ ಟಾಮ್‌ಕ್ಯಾಟ್ ‘ಜೆಡಿಬಿಸಿ (ಡೇಟಾಬೇಸ್) ಡ್ರೈವರ್ ನೋಂದಾಯಿಸಿ ರದ್ದು ಮಾಡಿಲ್ಲ’, ‘ಥ್ರೆಡ್ ಶುರುಮಾಡಿ ನಿಲ್ಲಿಸಿಲ್ಲ’ ಎಂಬ ಅರ್ಥದ ಎಚ್ಚರಿಕೆ ಬರೆಯುತ್ತದೆ, ಅದನ್ನು ಓದಿ. ‘ಸರ್ವ್ಲೆಟ್‌ಕಾಂಟೆಕ್ಸ್ಟ್‌ಲಿಸನರ್’ ಬರೆದು ಅದರ ‘ಕಾಂಟೆಕ್ಸ್ಟ್‌ಡಿಸ್ಟ್ರಾಯ್ಡ್’ ಭಾಗದಲ್ಲಿ ನೀವು ತೆರೆದ ಪೂಲ್, ಥ್ರೆಡ್, ಡ್ರೈವರ್ ನೋಂದಣಿ ಎಲ್ಲವನ್ನೂ ಮುಚ್ಚಿ.

‘ಕಾಂಟೆಕ್ಸ್ಟ್.ಎಕ್ಸ್‌ಎಂಎಲ್’ನಲ್ಲಿ ‘ರಿಲೋಡಬಲ್’ ಅನ್ನು ‘ಟ್ರೂ’ ಮಾಡಿದರೆ ‘ಕ್ಲಾಸಸ್’, ‘ಲಿಬ್’ ಬದಲಾದಾಗಲೆಲ್ಲ ಅಪ್ಲಿಕೇಶನ್ ತಾನೇ ಮರುಲೋಡ್ ಆಗುತ್ತದೆ. ಬರೆಯುವಾಗ ಹಿತ. ಮಂಡಿಯವರು ನಿಜವಾಗಿ ಧಾರಣೆ ನೋಡುವ ಸರ್ವರ್‌ನಲ್ಲಿ ಅದನ್ನು ‘ಫಾಲ್ಸ್’ಗೆ ತನ್ನಿ, ಬೆಳಗಿನ ಹರಾಜು ನಡೆಯುವ ಹೊತ್ತಲ್ಲಿ ಬದಲಾವಣೆ ಹಾಕಬೇಡಿ, ಮಧ್ಯಾಹ್ನದ ವಹಿವಾಟು ಮುಗಿದ ಮೇಲೆ ಟಾಮ್‌ಕ್ಯಾಟ್ ನಿಲ್ಲಿಸಿ, ಹಾಕಿ, ಮತ್ತೆ ಏಳಿಸಿ, ಲಾಗ್‌ನ ಕೊನೆಯ ಇಪ್ಪತ್ತು ಸಾಲು ಓದಿ.